ಬರ್ಟಿ ಹಾಕಿದ ಒಂದು

ನನ್ನ ಅಂಕಪಟ್ಟಿಯಲ್ಲಿ ವ್ಯವಹಾರ ಆಡಳಿತದ ಮೊದಲ ಪಾಠದ ಎದುರು ‘ಎ’ ಎಂದಿದೆ. ಐವತ್ತೊಂದನೇ ವಯಸ್ಸಿನಲ್ಲಿ ಕಾಲೇಜು ಸೇರಿ ‘ಎ’ ತೆಗೆದವಳು ಎಂದು ಚರ್ಚಿನಲ್ಲಿ ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಮುಳ್ಳಾಗುತ್ತದೆ. ಅದು ಹೇಗೆ ಬಂತು ಎನ್ನುವುದು ಇಬ್ಬರಿಗೆ ಮಾತ್ರ ಗೊತ್ತು. ಒಬ್ಬರು ಲಿಂಡ್‌ಕ್ವಿಸ್ಟ್ ಮೇಷ್ಟ್ರು, ಇನ್ನೊಬ್ಬಳು ನಾನು. ಗೊತ್ತಾಗಬೇಕಾಗಿದ್ದ ಮೂರನೆಯವಳಿಗೆ ನಾನು ಹೇಳಲಿಲ್ಲ.

ನಮ್ಮೂರಿನ ಫ್ರಿಜ್ ಕಾರ್ಖಾನೆ ಗಂಟುಮೂಟೆ ಕಟ್ಟಿಕೊಂಡು ಮೆಕ್ಸಿಕೊಗೆ ಹೋದ ವರ್ಷ ಸರ್ಕಾರ ನಮಗೊಂದು ದಾರಿ ತೋರಿಸಿತು. ಕಮ್ಯುನಿಟಿ ಕಾಲೇಜಿಗೆ ಸೇರಿ ಎರಡು ವರ್ಷ ಓದಬೇಕು, ಓದುವಷ್ಟು ಕಾಲ ವಾರದ ಭತ್ಯೆ ಮತ್ತು ಮನೆಯವರಿಗೆಲ್ಲ ಆರೋಗ್ಯ ವಿಮೆ. ಒಂದು ಪಾಠದಲ್ಲಿ ಫೇಲಾದರೂ ಎರಡೂ ನಿಲ್ಲುತ್ತವೆ. ಗಂಡಸರು ಲಾರಿ ಓಡಿಸುವುದಕ್ಕೆ, ವೆಲ್ಡಿಂಗಿಗೆ ಹೋದರು. ನಾನೂ ಬರ್ಟಿಯೂ ವ್ಯವಹಾರ ಆಡಳಿತ ಹಿಡಿದೆವು.

"ನಮ್ಮನ್ನ ಮನೆಗೆ ಕಳಿಸಿದೋರೆಲ್ಲ ಓದಿದ್ದು ಇದನ್ನೇ ತಾನೆ? ಅದ್ರಲ್ಲಿ ಅಂಥಾದ್ದೇನಿದೆ, ನೋಡೇಬಿಡೋಣ ನಡಿಯೇ ನೇಡೀನ್," ಎಂದಿದ್ದಳು ಬರ್ಟಿ.

ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಸಾಲಿನಲ್ಲಿ ದುಡಿದವರು. ನಾನು ಫ್ರಿಜ್‌ಗೆ ಬಾಗಿಲು ಕೂರಿಸುತ್ತಿದ್ದೆ. ಅವಳು ಸಾಲಿನ ಕೊನೆಯಲ್ಲಿ ನಿಂತು, ಟಾರ್ಚು ಬಿಟ್ಟು ನೋಡಿ, ಬಾಗಿಲನ್ನು ಅಂಗೈಯಿಂದ ಸವರಿ, ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಅಂಕಿ ಬರೆದು ಅಂಟಿಸುತ್ತಿದ್ದಳು. ಜೊತೆಗಾರರ ಮೇಲೆ ಮೇಸ್ತ್ರಿಗೆ ಚಾಡಿ ಹೇಳಿದವರ ಪಕ್ಕದಲ್ಲಿ ನಮ್ಮಲ್ಲಿ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಅದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಅದನ್ನು ಮುರಿದ ಒಬ್ಬನನ್ನು ನಾವು ಒಂಬತ್ತು ವರ್ಷ ಮಾತಾಡಿಸಲಿಲ್ಲ.

ಲಿಂಡ್‌ಕ್ವಿಸ್ಟ್ ಮೇಷ್ಟ್ರು ಮೊದಲು ಪೀಠೋಪಕರಣದ ಅಂಗಡಿ ಇಟ್ಟು ಮುಳುಗಿಸಿದವರು. ಅಂಗಡಿ ನಡೆಸುವುದು ಹೇಗೆಂದು ಈಗ ನಮಗೆ ಪಾಠ ಹೇಳುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಮೂವರು ಮೂವರ ಗುಂಪು ಮಾಡಿ, ಒಂದು ಹೊಸ ವ್ಯಾಪಾರದ ಯೋಜನೆ ತಯಾರಿಸಲು ಹೇಳಿದರು. ನಮ್ಮ ಜೊತೆ ಕೇಸಿ ಎಂಬ ಹತ್ತೊಂಬತ್ತರ ಹುಡುಗಿ ಸೇರಿಕೊಂಡಳು. ಮುಚ್ಚಿಹೋದ ಶೂ ಅಂಗಡಿಯ ಜಾಗದಲ್ಲಿ ಬಟ್ಟೆ ಒಗೆಯುವ ಮಳಿಗೆ ತೆರೆಯುವುದು ನಮ್ಮ ಯೋಜನೆ.

ಗುಂಪಿನವರು ಒಬ್ಬರಿಗೊಬ್ಬರು ಗುಟ್ಟಾಗಿ ಅಂಕ ಕೊಡಬೇಕಿತ್ತು. ಹೇಳಿದ ಹೊತ್ತಿಗೆ ಬಂದಳೇ, ತನ್ನ ಪಾಲಿನ ಕೆಲಸ ಮಾಡಿದಳೇ, ನಂಬಬಹುದೇ ಎಂದು ಐದು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕಿ. ಅಕ್ಟೋಬರ್‌ನಲ್ಲಿ ಒಂದು ಸಲ, ಸುಮ್ಮನೆ ತಿದ್ದಿಕೊಳ್ಳಲಿ ಎಂದು. ಡಿಸೆಂಬರ್‌ನಲ್ಲಿ ಇನ್ನೊಂದು ಸಲ, ಲೆಕ್ಕಕ್ಕೆ. ಯಾರಾದರೂ ಒಬ್ಬರು ಐದೂ ಪ್ರಶ್ನೆಗೆ ಒಂದು ಹಾಕಿದರೆ ಆ ವಿದ್ಯಾರ್ಥಿಯ ಯೋಜನೆಯ ಅಂಕದಲ್ಲಿ ಅರ್ಧ ಕಡಿತ.

"ಕಂಪನಿಗಳಲ್ಲಿ ನಡೆಯೋದು ಹೀಗೇ. ಪ್ರಾಮಾಣಿಕವಾಗಿ ಬರೀರಿ," ಎಂದರು ಮೇಷ್ಟ್ರು.

"ಚಾಡಿ ಹೇಳೋದನ್ನೂ ಪಾಠ ಮಾಡ್ಬಿಟ್ರಲ್ಲೇ," ಎಂದು ಬರ್ಟಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಅಕ್ಟೋಬರ್ ಮೊದಲ ಎರಡು ವಾರ ಬರ್ಟಿ ಗುಂಪಿನ ಕೆಲಸಕ್ಕೆ ಬರಲೇ ಇಲ್ಲ. ಅವಳ ಗಂಡ ವೇಡ್‌ಗೆ ಹೃದಯದ ಕವಾಟ ಕೆಟ್ಟಿತ್ತು. ಎರಡು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಓಡಾಡುತ್ತಿದ್ದಳು. ಫೆಬ್ರವರಿಗೆ ಆಪರೇಷನ್ ಎಂದು ಗೊತ್ತುಮಾಡಿದ್ದರು. ಅದೆಲ್ಲ ಆ ವಿಮೆಯ ಮೇಲೆ ನಿಂತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಬಂದ ದಿನ ಲೈಬ್ರರಿಯಲ್ಲಿ, ಕೇಸಿಯ ಎದುರಿಗೇ ಹರಿಹಾಯ್ದೆ.

"ನಿನ್ನ ಪಾಲಿಂದೂ ನಾನೇ ಬರೀಬೇಕೇನೇ? ನಂಗೇನು ನಾಲ್ಕು ಕೈ ಇದಾವಾ?"

"ತಪ್ಪಾಯ್ತು ಕಣೇ," ಎಂದಳು ಬರ್ಟಿ. ಅಷ್ಟೇ ಎಂದಳು. ನನ್ನ ನಾಲಿಗೆ ಮೊದಲಿಂದಲೂ ಹಾಗೆ, ಆಡಿ ಮುಗಿದ ಮೇಲೆ ಯೋಚಿಸುತ್ತದೆ.

ಅದರ ಮರುವಾರ ಮೊದಲ ಸಲದ ಅಂಕಗಳ ನಕಲು ಬಂತು. ಮೇಷ್ಟ್ರು ಬರೆದವರ ಹೆಸರಿನ ಮೇಲೂ ಅವರು ಕೆಳಗೆ ಬರೆದ ಕಾರಣದ ಮೇಲೂ ಕಾಗದದ ಪಟ್ಟಿ ಇಟ್ಟು ನಕಲು ತೆಗೆದಿದ್ದರು. ನನಗೆ ಒಬ್ಬರು ಐದು, ಐದು, ನಾಲ್ಕು ಎಂದು ಕೊಟ್ಟಿದ್ದರು. ಇನ್ನೊಬ್ಬರು ಐದಕ್ಕೆ ಐದೂ ಪ್ರಶ್ನೆಗೆ ಒಂದು ಹಾಕಿದ್ದರು. ತಲೆಯ ಮೇಲೆ ಚಿಕ್ಕ ಕೊಕ್ಕೆ, ಕೆಳಗೆ ಅಡ್ಡಗೆರೆ ಎಳೆದು ಪಾದ ಕೊಟ್ಟ ಒಂದು. ಆ ಒಂದನ್ನು ನಾನು ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಕತ್ತಲಲ್ಲಿ ತೋರಿಸಿದರೂ ಗುರುತು ಹಿಡಿದೇನು. ಬರ್ಟಿಯ ಕೈ.

ಹಾಳೆಯನ್ನು ಮಡಿಚಿ ಚೀಲಕ್ಕೆ ತುರುಕಿದೆ. ಎದುರಿಗೆ ತಪ್ಪಾಯ್ತು ಎಂದವಳು ಹಿಂದಿನಿಂದ ಹೀಗೆ ಮಾಡುವುದೇ? ಅವಳಿಗೆ ನಾನು ಎಲ್ಲದಕ್ಕೂ ನಾಲ್ಕು ಹಾಕಿದ್ದೆ. ಎರಡು ವಾರ ಬಾರದವಳಿಗೆ ನಾಲ್ಕು! ಕೇಳಿಬಿಡಬೇಕಿತ್ತು. ಇದೇನೇ ಹೀಗೆ ಹಾಕಿದ್ದೀಯ ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಂದೂ ಬಾಯಿ ಮುಚ್ಚದ ನಾನು ಆ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡೆ.

ಬರ್ಟಿ ಆ ದಿನದಿಂದ ಎರಡು ಪಟ್ಟು ಕೆಲಸ ಮಾಡತೊಡಗಿದಳು. ಚಳಿಯಲ್ಲಿ ಮನೆಮನೆಗೆ ನಡೆದು, ಎಷ್ಟು ಮನೆಯಲ್ಲಿ ಒಗೆಯುವ ಯಂತ್ರ ಕೆಟ್ಟಿದೆ, ಎಷ್ಟು ಮನೆಯಲ್ಲಿ ಇಲ್ಲವೇ ಇಲ್ಲ ಎಂದು ಬರೆದುಕೊಂಡು ಬಂದಳು. ನಮ್ಮ ಯೋಜನೆಯಲ್ಲಿ ಮೇಷ್ಟ್ರು ಮೆಚ್ಚಿದ್ದು ಆ ಪಟ್ಟಿಯನ್ನೇ. ಪ್ರತಿ ಗುರುವಾರ ಬಾಳೆಹಣ್ಣಿನ ಬ್ರೆಡ್ ಮಾಡಿ ತರುತ್ತಿದ್ದಳು.

"ತಗೊಳೇ, ನಿಂಗೆ ಇಷ್ಟ ಅಂತ ವಾಲ್‌ನಟ್ ಜಾಸ್ತಿ ಹಾಕಿದೀನಿ."

"ನಂಗೆ ಹಸಿವಿಲ್ಲ," ಎನ್ನುತ್ತಿದ್ದೆ. ಮಾಡಿದ ಪಾಪ ಬ್ರೆಡ್ಡಿನಲ್ಲಿ ತೊಳೆಯುವುದಕ್ಕೆ ಬಂದಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಡಿಸೆಂಬರ್‌ನಲ್ಲಿ ಎರಡನೇ ಹಾಳೆ ಬಂತು. ಕೇಸಿಗೆ ಐದು ಹಾಕಿದೆ. ಬರ್ಟಿಯ ಹೆಸರಿನ ಎದುರು ಐದು ಸಲ ಒಂದು ಬರೆದೆ. ಕೆಳಗೆ, ಹೀಗೇಕೆ ಕೊಟ್ಟಿರಿ ಎಂದು ಕೇಳಿದ ಜಾಗದಲ್ಲಿ, "ಕೆಲಸಕ್ಕೆ ಬರುವುದಿಲ್ಲ, ಪಾಲು ಮಾಡುವುದಿಲ್ಲ, ಬೆನ್ನಿಗೆ ಚೂರಿ ಹಾಕುತ್ತಾಳೆ" ಎಂದು ಬರೆದೆ. ಪರೀಕ್ಷೆಗಳಲ್ಲಿ ಬರ್ಟಿ ಅಂಚಿನಲ್ಲಿದ್ದಳು. ಯೋಜನೆಯ ಅಂಕದಲ್ಲಿ ಅರ್ಧ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಫೆಬ್ರವರಿಯೂ ಗೊತ್ತಿತ್ತು. ಆ ಗಳಿಗೆಯಲ್ಲಿ ಎದೆ ತಣ್ಣಗಾಯಿತು.

ಫಲಿತಾಂಶದ ಹಾಳೆಯಲ್ಲಿ ನನಗೆ ಮತ್ತೆ ಐದು ಒಂದುಗಳು ಬಂದಿದ್ದವು, ಅದೇ ಪಾದ, ಅದೇ ಕೊಕ್ಕೆ. ನನ್ನದೂ ಅರ್ಧ ಕಡಿತವಾಗಿ ‘ಎ’ ಹೋಗಿ ‘ಸಿ’ ಆಗಿತ್ತು. ನೋಡಿದೆಯಾ, ನಾನು ಮಾಡಿದ್ದೇ ಸರಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬರ್ಟಿ ಮನೆ ಬಾಗಿಲಿಗೆ ಬಂದಳು. ಕೋಟಿನ ಗುಂಡಿ ಹೆಚ್ಚುಕಮ್ಮಿ ಹಾಕಿಕೊಂಡಿದ್ದಳು. ಕೈಯಲ್ಲಿ ತನ್ನ ಹಾಳೆ.

"ನೇಡೀನ್, ಫೇಲ್ ಮಾಡ್ಬಿಟ್ಟಿದಾರೆ ಕಣೇ. ಮೇಷ್ಟ್ರಿಗೊಂದು ಅರ್ಜಿ ಬರ್ಕೊಡು. ನಿಂಗೆ ಬರವಣಿಗೆ ಬರುತ್ತೆ."

ಒಳಗೆ ಕರೆದು ಅಡುಗೆಮನೆಯಲ್ಲಿ ಕೂರಿಸಿದೆ. ಅವಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸಿದಳು.

"ಆ ಹುಡುಗಿ ನೋಡೇ, ಕೇಸಿ. ಎಲ್ಲದಕ್ಕೂ ಐದು. ನನ್ನನ್ನ ನೇರ ಗುಜರಿಗೇ ಹಾಕ್ಬಿಟ್ಳಲ್ಲ. ನಾನೇನು ಮಾಡಿದ್ದೆ ಅವ್ಳಿಗೆ? ಅಕ್ಟೋಬರ್‌ನಲ್ಲಿ ನೀವಿಬ್ರೂ ನಾಲ್ಕು ಐದು ಅಂತ ಹಾಕಿದ್ರಿ, ಅದು ಸರಿ, ನಾನು ಬಂದಿರ್ಲಿಲ್ಲ. ಅದಕ್ಕೇ ಆಮೇಲೆ ಅಷ್ಟು ಒದ್ದಾಡಿದ್ದು." ಅವಳ ಬೆರಳು ಕೆಳಗಿನ ಸಾಲಿಗೆ ಜಾರಿತು. "ಇದು ನೀನು. ನೋಡ್ತಿದ್ದ ಹಾಗೇ ಗೊತ್ತಾಯ್ತು. ಒಂದು, ಒಂದು, ಒಂದು. ಒಂದು ಗೀರೂ ಇಲ್ಲ. ವೇಡ್‌ಗೂ ತೋರಿಸ್ದೆ, ನನ್ನ ಕೈ ಬಿಡದೋಳು ನೇಡೀನ್ ಒಬ್ಳೇ ಅಂತ."

ಕಾರ್ಖಾನೆಯ ಚೀಟಿಯಲ್ಲಿ ಒಂದು ಎಂದರೆ ದೋಷವೇ ಇಲ್ಲದ್ದು, ಐದು ಎಂದರೆ ಗುಜರಿಗೆ. ನಾನು ಕೂರಿಸಿದ ಬಾಗಿಲಿಗೆ ಅವಳು ಒಂದು ಬರೆದಾಗಲೆಲ್ಲ ದೂರದಿಂದ ನನಗೆ ಬೆರಳೆತ್ತಿ ತೋರಿಸುತ್ತಿದ್ದಳು. ಆ ಅಂಕಿಯ ಪಾದವನ್ನು ಗುರುತು ಹಿಡಿದ ನನಗೆ ಅದರ ಅರ್ಥ ಹೊಳೆಯಲಿಲ್ಲ. ಐದು ಉತ್ತಮ, ಒಂದು ಕಳಪೆ ಎಂದು ಹಾಳೆಯ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಜೀವಮಾನವೆಲ್ಲ ಅಂಕಿ ಬರೆದವಳು ಅಂಕಿ ಬರೆಯುವುದು ಹೇಗೆಂದು ಓದಲು ಹೋಗುತ್ತಾಳೆಯೇ?

"ಬರ್ಟಿ," ಎಂದೆ. "ಇಲ್ಲಿ ಐದು ಒಳ್ಳೇದು. ಒಂದು ಕೆಟ್ಟದ್ದು."

ಅವಳು ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಂದ್ರೆ ನಾನು ನಿಂಗೆ ಎರಡು ಸಲಾನೂ... ಅಯ್ಯೋ ದೇವ್ರೇ. ನಿನ್ನ ಅಂಕ ಏನಾಯ್ತೇ?"

ತನ್ನ ಮನೆ ಮುಳುಗುತ್ತಿರುವಾಗ ಅವಳು ಮೊದಲು ಕೇಳಿದ್ದು ನನ್ನ ಅಂಕವನ್ನು. ನಾನು ಉತ್ತರ ಕೊಡುವ ಮೊದಲೇ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕುಬಿಟ್ಟಳು.

"ನೀನೂ ಹಾಗೇ ಮಾಡಿದೀಯಲ್ಲೇ, ದಡ್ಡೀ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ನಮ್ಮ ಕಾರ್ಖಾನೆ ಗುಣ ಬಾಗಿಲು ಮುಚ್ಚಿದ್ರೂ ಹೋಗ್ಲಿಲ್ಲ ನೋಡು. ನಡಿ, ಇಬ್ರೂ ಹೋಗಿ ಹೇಳೋಣ. ಇಬ್ರೂ ಗೊತ್ತಿಲ್ದೆ ತಪ್ಪು ಬರೆದ್ವಿ ಅಂತ."

"ಹೂಂ," ಎಂದೆ.

ಲಿಂಡ್‌ಕ್ವಿಸ್ಟ್ ಮೇಷ್ಟ್ರು ಬರ್ಟಿಯ ಮಾತನ್ನೆಲ್ಲ ಕೇಳಿದರು. ಕಪಾಟಿನಿಂದ ಮೂಲ ಹಾಳೆಗಳನ್ನು ತೆಗೆದು ಮೊದಲು ಬರ್ಟಿಯದನ್ನು ಓದಿದರು. ನನಗೆ ಕೊಟ್ಟ ಒಂದುಗಳ ಕೆಳಗೆ ಅವಳು ಬರೆದಿದ್ದಳು: "ನೇಡೀನ್ ಇಲ್ಲದಿದ್ದರೆ ನಾನು ಈ ಕಾಲೇಜಿಗೇ ಬರುತ್ತಿರಲಿಲ್ಲ."

"ಇದನ್ನ ನಾನು ಮೊದಲೇ ಓದ್ಬೇಕಿತ್ತು. ನಾಲ್ಕು ತರಗತಿ ಹಾಳೆ, ಬರೀ ಅಂಕಿ ಕೂಡಿಸಿಬಿಟ್ಟೆ," ಎಂದರು. "ನೇಡೀನ್, ನಿಮ್ಮ ಅಂಕ ಸರಿ ಮಾಡ್ತೀನಿ." ಆಮೇಲೆ ನನ್ನ ಹಾಳೆ ತೆಗೆದರು. ಓದಿದರು. ಅದನ್ನು ಮಗುಚಿ ಮೇಜಿನ ಮೇಲಿಟ್ಟು, ಬರ್ಟಿಯ ಕಡೆ ತಿರುಗಿದರು. "ಸ್ವಲ್ಪ ಹೊರಗೆ ಕೂತಿರ್ತೀರಾ?"

ಅವಳು ಹೋದ ಮೇಲೆ ಅವರು ಎದ್ದು ಬಾಗಿಲು ಮುಚ್ಚಿದರು.

"ಇದು ಕೈ ತಪ್ಪಿ ಬರೆದದ್ದಲ್ಲ," ಎಂದರು.

ಹಾಳೆಯನ್ನು ನನ್ನ ಕಡೆ ತಳ್ಳಿದರು.

"ನಂಗೆ ಎರಡೇ ದಾರಿ ಇರೋದು. ಇಲ್ಲಿ ಬರೆದಿರೋದು ಸುಳ್ಳು ಅಂತ ನೀವು ಒಂದು ಕಾಗದ ಬರ್ಕೊಟ್ರೆ ಇದನ್ನ ತೆಗೆದುಹಾಕ್ತೀನಿ, ಬರ್ಟಿ ಪಾಸ್. ಆದ್ರೆ ಆ ಕಾಗದ ಮೇಲಿನವರ ಹತ್ತಿರ ಹೋಗುತ್ತೆ. ಸುಳ್ಳು ಮೌಲ್ಯಮಾಪನಕ್ಕೆ ನಿಮ್ಮನ್ನ ಫೇಲ್ ಮಾಡ್ತಾರೆ. ಯಾಕೆ ಏನು ಅಂತ ಬರ್ಟಿಗೂ ಗೊತ್ತಾಗುತ್ತೆ. ಬರ್ಕೊಡ್ಲಿಲ್ಲ ಅಂದ್ರೆ ಇದು ಹೀಗೇ ಇರುತ್ತೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಮುಚ್ತಾರೆ."

"ಯೋಚನೆ ಮಾಡ್ತೀನಿ ಸರ್."

"ಮಾಡಿ," ಎಂದರು. ನನ್ನ ಮುಖ ನೋಡಲಿಲ್ಲ.

ಹೊರಗೆ ಬರ್ಟಿ ಬೆಂಚಿನ ಮೇಲೆ ಎರಡೂ ಕೈ ತೊಡೆಯ ನಡುವೆ ಇಟ್ಟುಕೊಂಡು ಕುಳಿತಿದ್ದಳು.

"ಏನಂದ್ರೇ?"

"ನನ್ನ ಹಾಳೆ ಬದಲಾಯಿಸೋಕೆ ಆಗಲ್ವಂತೆ. ಒಪ್ತಿಲ್ಲ."

ಅವಳು ಕೋಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಂಡಳು. "ನಿಂದು ಸರಿ ಮಾಡ್ತಾರಲ್ವಾ?"

"ಮಾಡ್ತಾರೆ."

"ಸದ್ಯ. ಅಷ್ಟಾದ್ರೂ ಆಯ್ತಲ್ಲ," ಎಂದು ಎದ್ದು ನಿಂತಳು. "ಇಷ್ಟು ಹೊತ್ತು ಒಳಗೆ ನನಗೋಸ್ಕರ ಬೇಡ್ಕೊಂಡ್ಯಲ್ಲ, ಬೇರೆ ಯಾರು ಮಾಡ್ತಾರೆ ಹೇಳು."

ಮರುದಿನ ಬೆಳಿಗ್ಗೆ ಎಂಟಕ್ಕೇ ಕಾಗದ ಪೆನ್ನು ಹಿಡಿದು ಅಡುಗೆಮನೆಯಲ್ಲಿ ಕುಳಿತೆ. ಮೇಷ್ಟ್ರ ಹೆಸರು ಬರೆದೆ. ನನ್ನ ಭತ್ಯೆ ಹೋಗುತ್ತದೆ, ನನ್ನ ವಿಮೆ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ನಿಜ ಹೇಳಬೇಕೆಂದರೆ ನನ್ನ ಕೈ ತಡೆದದ್ದು ಅದಲ್ಲ. ಆ ಸಾಲುಗಳನ್ನು ಬರ್ಟಿ ಓದುವಾಗ ಅವಳ ಮುಖ ಹೇಗಿರುತ್ತದೆ ಎನ್ನುವುದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎನ್ನುತ್ತಾರೆ. ನನಗೆ ನಾಲ್ಕು ಗಂಟೆ ಕಾಲ ಆ ಮೂಗನ್ನು ಮತ್ತೆ ಅಂಟಿಸುವ ಅವಕಾಶ ಇತ್ತು. ಹನ್ನೆರಡು ಹೊಡೆಯಿತು. ಎದ್ದು ಕಾಗದವನ್ನು ಒಲೆಗೆ ಹಾಕಿದೆ.

ಜನವರಿಯಲ್ಲಿ ಅವರ ವಿಮೆ ನಿಂತಿತು. ಬರ್ಟಿ ನಲವತ್ತು ಮೈಲಿ ದೂರದ ಕೋಳಿ ಕತ್ತರಿಸುವ ಕಾರ್ಖಾನೆಗೆ ಸೇರಿದಳು. ಅಲ್ಲಿ ವಿಮೆ ಸಿಗಬೇಕಾದರೆ ಆರು ತಿಂಗಳು ಕಳೆಯಬೇಕು. ಆಪರೇಷನ್ನು ಮುಂದಕ್ಕೆ ಹಾಕಿದರು. ವೇಡ್ ಮೇ ತಿಂಗಳವರೆಗೆ ಉಳಿದ.

ಮಣ್ಣು ಮುಗಿಸಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನಾನು ಹಿಂದಿನ ಮೇಜಿನಲ್ಲಿ ತಟ್ಟೆ ಹಿಡಿದು ಕುಳಿತಿದ್ದೆ. ಬರ್ಟಿ ನನ್ನನ್ನು ಕಂಡು, ವೇಡ್‌ನ ಅಕ್ಕತಂಗಿಯರು ಕುಳಿತಿದ್ದ ಕಡೆಗೆ ಕೈ ಹಿಡಿದು ಕರೆದುಕೊಂಡು ಹೋದಳು. ಕೋಳಿ ಕತ್ತರಿಸಿ ಕತ್ತರಿಸಿ ಅವಳ ಬೆರಳುಗಳು ಊದಿಕೊಂಡಿದ್ದವು.

"ಇವಳೇ ನೇಡೀನ್," ಎಂದಳು. "ನಾನು ಹೇಳ್ತಿದ್ನಲ್ಲ, ಕಾಲೇಜಲ್ಲಿ ನನಗೋಸ್ಕರ ಮೇಷ್ಟ್ರ ಹತ್ರ ಹೊಡೆದಾಡಿದೋಳು. ಇವಳೇ."

ಅವರೆಲ್ಲ ಎದ್ದು ಬಂದು ಒಬ್ಬೊಬ್ಬರಾಗಿ ನನ್ನನ್ನು ತಬ್ಬಿಕೊಂಡರು.