ಕಿತ್ತಳೆ ಸಿಪ್ಪೆಯ ಚಿಪ್ಸ್

ಅಂಗಡಿಯವರ ಸ್ವಂತ ಹೆಸರಿನ ಚಿಪ್ಸ್ ಎಂದರೆ ಯಾರಿಗೂ ಅಷ್ಟಕ್ಕಷ್ಟೆ. ದೊಡ್ಡ ಕಂಪನಿಗಳ ಪೊಟ್ಟಣಗಳು ಕಣ್ಣಿನ ಮಟ್ಟದಲ್ಲಿ ಮೆರೆಯುತ್ತಿದ್ದರೆ ಇವು ಕೆಳಗಿನ ಹಲಗೆಯಲ್ಲಿ, ನೆಲ ಒರೆಸುವ ಕೋಲು ತಾಗುವ ಜಾಗದಲ್ಲಿ ಬಿದ್ದಿರುತ್ತವೆ. ಬೆಲೆ ಕಡಿಮೆ ಎಂದು ಬಗ್ಗಿದವರು ಮಾತ್ರ ಎತ್ತಿಕೊಳ್ಳುತ್ತಾರೆ. ಒಮ್ಮೆ ಬಗ್ಗಿದವರು ಮತ್ತೆ ಮತ್ತೆ ಬಗ್ಗುತ್ತಿದ್ದರು ಎಂದರೆ ಅದು ಕಾರ್ಖಾನೆಯಲ್ಲಿ ಎಲ್ಲರೂ ಮಸಾಲೆಯಪ್ಪ ಎಂದು ಕರೆಯುತ್ತಿದ್ದ ಮನುಷ್ಯನ ಕೈಗುಣ. ಅವನನ್ನು ಕೇಳಿದರೆ, ಕೈ ತನ್ನದು, ನಾಲಿಗೆ ತನ್ನ ಹೆಂಡತಿಯದು ಎನ್ನುತ್ತಿದ್ದ. ಜನ ತಮಾಷೆ ಎಂದು ನಗುತ್ತಿದ್ದರು. ಅದರಲ್ಲಿ ತಮಾಷೆ ಏನೂ ಇರಲಿಲ್ಲ.

ದಿನವಿಡೀ ಮೆಣಸಿನ ಪುಡಿ, ಹುಳಿ ಪುಡಿಗಳ ಧೂಳು ನುಂಗಿ ನುಂಗಿ ಅವನ ನಾಲಿಗೆ ಹಳೇ ಚಪ್ಪಲಿಯಂತಾಗಿತ್ತು. ಹಾಗಾಗಿ ಹೊಸ ರುಚಿಯನ್ನು ಮಾಡಿದಾಗಲೆಲ್ಲ ಒಂದು ಹಿಡಿ ಚಿಪ್ಸನ್ನು ಬರೀ ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಏನು ಹಾಕಿದ್ದೇನೆ ಎಂದು ಬಾಯಿ ಬಿಡುತ್ತಿರಲಿಲ್ಲ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಹುಳಿ ಮೊದ್ಲು ಬಂದ್ಬಿಡ್ತು ರೀ. ಪಾಪ, ಉಪ್ಪು ಹಿಂದಿನಿಂದ ಓಡಿ ಬರ್ತಾ ಇದೆ. ಇಬ್ರನ್ನೂ ಜೊತೆಗೆ ಕರ್ಕೊಂಡು ಬನ್ನಿ."

ಮೊದಲ ಸಲಕ್ಕೇ ಅವಳು ಸೈ ಎಂದದ್ದೇ ಇಲ್ಲ. ಇನ್ನೊಂಚೂರು ಇದು ಇರಲಿ, ಇನ್ನೊಂಚೂರು ಅದು ಇರಲಿ ಎಂದು ಅವನನ್ನು ಎರಡು ಮೂರು ಸಲ ಓಡಾಡಿಸಿದ ಮೇಲೆಯೇ ಒಪ್ಪಿಗೆ. ಅವಳು ಒಪ್ಪಿದ್ದನ್ನು ಊರು ಒಪ್ಪದೇ ಇದ್ದದ್ದು ಒಮ್ಮೆಯೂ ಇಲ್ಲ.

ಅಂಥವಳಿಗೆ ಗಂಟಲಿನ ಕಾಯಿಲೆ ಬಂತು. ಚಿಕಿತ್ಸೆಯೂ ಆಯಿತು. ಕಾಯಿಲೆಯ ಜೊತೆಗೆ ರುಚಿ, ವಾಸನೆ ಎಲ್ಲವನ್ನೂ ಅದು ಗುಡಿಸಿಕೊಂಡು ಹೋಯಿತು. ಬಾಯಿ ತುಂಬ ಹುಣ್ಣು. ಗಂಜಿ ಕೊಟ್ಟರೂ ಸುಣ್ಣದ ನೀರು ಕುಡಿದ ಹಾಗೆ ಎನ್ನುತ್ತಿದ್ದಳು. ಕೈಬಳೆ ಮೊಣಕೈವರೆಗೂ ಜಾರುವಷ್ಟು ಇಳಿದುಹೋದಳು. ಡಾಕ್ಟರು, "ಹೊಟ್ಟೆಗೆ ಬಿದ್ರೆ ಉಳೀತಾರೆ. ರುಚಿ ವಾಪಸ್ ಬಂದ್ರೆ ತಾವಾಗೇ ತಿಂತಾರೆ. ಬರುತ್ತೋ ಇಲ್ವೋ ಅಂತ ನಾನು ಹೇಳೋಕಾಗಲ್ಲ" ಎಂದು ಕೈ ತೊಳೆದುಕೊಂಡರು.

ಮಸಾಲೆಯಪ್ಪ ಅದನ್ನೇ ತಲೆಗೆ ಹಚ್ಚಿಕೊಂಡ. ಸತ್ತ ನಾಲಿಗೆಯನ್ನೂ ಎಬ್ಬಿಸುವಂಥ ರುಚಿಯೊಂದನ್ನು ಮಾಡುತ್ತೇನೆ, ಇಷ್ಟು ವರ್ಷ ಮಾಡಿದ ಕೆಲಸ ಇದಕ್ಕಾದರೂ ಬರಲಿ ಎಂದು ಹಟ ಹಿಡಿದ. ಕಿತ್ತಳೆ ಹಣ್ಣು ತಂದು, ಹಣ್ಣನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟು, ಸಿಪ್ಪೆಯನ್ನು ಅಡುಗೆಮನೆಯ ಕಿಟಕಿಯಲ್ಲಿ ಒಣಗಿಸಿದ. ಪುಡಿ ಮಾಡಿದ. ಕಾಳುಮೆಣಸು ಸೇರಿಸಿದ. ಆಲೂಗಡ್ಡೆ ಚಿಪ್ಸಿಗೆ ಕಿತ್ತಳೆ ಸಿಪ್ಪೆ ಎಂದರೆ ಯಾರಾದರೂ ಹುಚ್ಚು ಎನ್ನುತ್ತಾರೆ. ಅನ್ನಲಿ, ಅವನಿಗೇನು?

ಕಾಗದದ ಪೊಟ್ಟಣ ಮಂಚದ ಬಳಿಗೆ ಬಂತು. ಅವಳು ಕೈಯಲ್ಲಿ ಹಿಡಿದು ನೋಡಿದಳು. ಬಾಯಿಗೆ ಹಾಕಿಕೊಂಡಳು. ತುಂಬ ಹೊತ್ತು ಕಣ್ಣು ಮುಚ್ಚಿಯೇ ಇದ್ದಳು.

"ಕಿತ್ತಳೆ ಸಿಪ್ಪೆ ಅಲ್ವೇನ್ರೀ? ಹಿಂದೆ ಕಾಳುಮೆಣಸು."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ಅಳ್ಬೇಡಿ. ಇನ್ನೊಂಚೂರು ಖಾರ ಇರ್ಲಿ" ಎಂದಳು ಅವಳು.

ಅದೇ ಹಳೇ ಮಾತು! ಅವನು ಖಾರ ಹೆಚ್ಚಿಸಿದ. ಅವಳು ಇನ್ನೊಂಚೂರು ಹುಳಿ ಎಂದಳು. ಹುಳಿ ಹೆಚ್ಚಿಸಿದ. ಸಿಪ್ಪೆಯೂ ಇನ್ನೊಂಚೂರು ಇರಲಿ ಎಂದಳು. ಕಾರ್ಖಾನೆಯಲ್ಲಿ ಎಣ್ಣೆ ಕೊಪ್ಪರಿಗೆ ನೋಡಿಕೊಳ್ಳುವ ಬಾಣಲೆ ಎಂಬ ಅಡ್ಡಹೆಸರಿನ ಗೆಳೆಯ ಒಂದನ್ನು ತಿಂದು ನೀರಿಗೆ ಓಡಿದ.

"ಏನಯ್ಯ ಇದು, ಚಿಪ್ಸೋ ಕಷಾಯಾನೋ?"

"ನಿನ್ ನಾಲಿಗೆ ಯಾರಿಗೆ ಬೇಕು? ನಮ್ಮನೇವ್ಳು ಒಪ್ಪಿದಾಳೆ."

ಮ್ಯಾನೇಜರು ಮೇಲಿಂದ ಮೇಲೆ ಚಿಪ್ಸ್ ತಿಂದು ಬೇಸತ್ತ ಮನುಷ್ಯ. ಮಸಾಲೆಯಪ್ಪ ಮಾಡಿದ್ದು ಎಂದಮೇಲೆ ಮುಟ್ಟಿಯೂ ನೋಡದೆ ಸಹಿ ಹಾಕಿದರು. ಆ ದಿನಗಳಲ್ಲಿ ಅವಳು ಊಟದ ತಟ್ಟೆಯನ್ನೂ ಖಾಲಿ ಮಾಡತೊಡಗಿದ್ದಳು. ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದ ನೀರು ಕೆಂಪಾಗಿದ್ದನ್ನು ಅವನು ಒಮ್ಮೆ ಕಂಡ. ಒಸಡಿಗೆ ಬ್ರಷ್ ತಾಗಿತು ಎಂದಳು. ನಂಬಬೇಕು ಎಂದು ಕಾದು ಕೂತವನಿಗೆ ನಂಬಿಸುವುದು ಏನು ಕಷ್ಟ?

ಹೊಸ ಚಿಪ್ಸ್ ಅಂಗಡಿಗೆ ಬಂದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೋಡಲು ಹೋದ. ಬಾಗಿಲ ಬಳಿ ಮೇಜಿಟ್ಟು, ಬಟ್ಟಲಲ್ಲಿ ಚಿಪ್ಸ್ ಸುರಿದು, ಬಂದವರಿಗೆಲ್ಲ ರುಚಿ ನೋಡಲು ಕೊಡುತ್ತಿದ್ದರು. ಅವನು ಸಾಬೂನಿನ ಸಾಲಿನ ಹಿಂದೆ ನಿಂತ. ಒಬ್ಬಾತ ಬಾಯಿಗೆ ಹಾಕಿಕೊಂಡು ಅಗಿಯುವುದನ್ನೇ ನಿಲ್ಲಿಸಿದ. ಒಂದು ಮಗು ತಾಯಿಯ ಅಂಗೈಗೆ ಉಗಿದು ರಂಪ ಮಾಡಿತು. ಗಂಡ ಹೆಂಡತಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ಅರ್ಧ ಕಚ್ಚಿದ್ದನ್ನು ಕಸದ ಡಬ್ಬಿಗೆ ಹಾಕಿದರು. ಆಮೇಲೆ ಒಬ್ಬ ಮುದುಕಿ ಬಂದು ತಿಂದು, ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡಳು.

"ಅಯ್ಯೋ, ಬಾಯೆಲ್ಲ ಉರಿದುಹೋಯ್ತಲ್ಲಪ್ಪ! ಇದನ್ನ ಮಾಡ್ದೋರಿಗೆ ನಾಲಿಗೆ ಅನ್ನೋದು ಇದ್ಯೋ ಇಲ್ವೋ?"

ಮುದುಕಿ ಬೈದದ್ದು ಅವನನ್ನು. ಅವನಿಗೆ ನೆನಪಾದದ್ದು ಇನ್ನೊಂದು ನಾಲಿಗೆ. ಕಿಟಕಿಯಲ್ಲಿ ಒಣಗಿಸಿದ್ದ ಸಿಪ್ಪೆ ಕಣ್ಣ ಮುಂದೆ ಬಂತು. ಮಂಚದಿಂದ ನೋಡಿದರೆ ನೇರವಾಗಿ ಕಾಣುವ ಕಿಟಕಿ. ಚಿಪ್ಸಿನ ಮೇಲೆ ಮೆಣಸಿನ ಕಪ್ಪು ಚುಕ್ಕೆಗಳಂತೂ ಕುರುಡನಿಗೂ ಕಾಣುತ್ತಿದ್ದವು. ಇಷ್ಟು ವರ್ಷ ಏನು ಹಾಕಿದ್ದೇನೆಂದು ಬಾಯಿ ಬಿಡದವನು, ಈ ಸಲ ಅದನ್ನು ಮನೆಯಲ್ಲೇ ಹರವಿಟ್ಟು ಕೂತಿದ್ದ.

ಅಲ್ಲಿಂದ ಸೀದಾ ಕಾರ್ಖಾನೆಗೆ ಹೋದ. ಉಪ್ಪು, ಮಸಾಲೆ ಯಾವುದೂ ಬೀಳುವ ಮುಂಚೆ, ಎಣ್ಣೆಯಿಂದ ಆಗಷ್ಟೇ ಎದ್ದ ಚಿಪ್ಸನ್ನು ಒಂದು ಹಿಡಿ ಎತ್ತಿ ಕಾಗದದಲ್ಲಿ ಸುತ್ತಿಕೊಂಡ. ಬಾಣಲೆ ಏನೋ ಕೇಳಿದ. ಇವನ ಮುಖ ನೋಡಿ ಕೊಪ್ಪರಿಗೆಯ ಕಡೆ ತಿರುಗಿದ.

ಮನೆಯಲ್ಲಿ ಅವಳು ದಿಂಬಿಗೆ ಒರಗಿ ಕಾಯುತ್ತಿದ್ದಳು.

"ಜನ ಏನಂದ್ರು ರೀ?"

"ಮುಗಿಬಿದ್ರು ಕಣೇ."

"ನಾನು ಹೇಳ್ಲಿಲ್ವಾ?" ಅವಳ ಮುಖ ಅರಳಿತು. ಆ ಮುಖವನ್ನು ನೋಡಿ, ಪೊಟ್ಟಣವನ್ನು ಜೇಬಿನಲ್ಲೇ ಬಿಟ್ಟುಬಿಡೋಣ ಎಂದು ಅವನಿಗೆ ಅನ್ನಿಸಿತು. ಕೈ ಕೇಳಲಿಲ್ಲ.

"ಇದು ಇನ್ನೊಂದು ಹೊಸದು. ಏನಿದೆ ಹೇಳು ನೋಡೋಣ."

ಅವಳು ಒಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಚುಕ್ಕೆ ಇಲ್ಲ, ಬಣ್ಣ ಇಲ್ಲ. ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಅದು ಖಾಲಿಯಿತ್ತು. ಕಣ್ಣು ಪುಡಿಯ ಕಲೆ ಹುಡುಕುತ್ತ ಅವನ ಉಗುರುಗಳನ್ನು ನೋಡಿತು, ಅಂಗಿಯ ತೋಳನ್ನು ನೋಡಿತು. ಕೊನೆಗೆ ಅವನ ಮುಖದ ಮೇಲೆ ಬಂದು ನಿಂತಿತು. ಅವನು ಮುಖವನ್ನು ಕಲ್ಲು ಮಾಡಿಕೊಂಡು ಕೂತಿದ್ದ. ಏನೋ ಒಂದು ಹೇಳಿಬಿಡೇ, ಸಪ್ಪೆ ಅಂತ ಹೇಳಿಬಿಡೇ ಎಂದು ಅವನ ಮನಸ್ಸು ಒಳಗೇ ಕೂಗುತ್ತಿತ್ತು.

ಅವಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಚಿಪ್ಸಿನ ಚೂಪು ಅಂಚು ಎಲ್ಲೋ ತಾಗಿರಬೇಕು, ಹುಬ್ಬು ಒಮ್ಮೆ ಗಂಟಿಕ್ಕಿ ಸಡಿಲವಾಯಿತು. ಮೆಣಸು, ಹುಳಿ ಸುರಿದು ಸುರಿದು ತಂದ ಅಷ್ಟೂ ದಿನ ಆ ಹುಣ್ಣುಬಾಯಲ್ಲಿ ಏನಾಗಿರಬೇಕು ಎಂದು ಅವನಿಗೆ ಆಗ ಹೊಳೆಯಿತು. ಬಚ್ಚಲಿನ ಕೆಂಪು ನೀರು ನೆನಪಾಯಿತು. ಇನ್ನೊಂಚೂರು ಎಂದು ಅವಳೇ ಕೇಳಿದ್ದಳು ನಿಜ. ಮೊದಲ ಸಲಕ್ಕೇ ಸೈ ಎಂದರೆ ಅವನಿಗೆ ಅನುಮಾನ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಉಪ್ಪು ಹದವಾಗಿದೆ ರೀ" ಎಂದಳು ಅವಳು. ಕಣ್ಣು ತೆರೆದು, ಅವನ ಮುಖದಲ್ಲಿ ಏನೂ ಸಿಗದೆ, ಹೆದರಿದವಳಂತೆ ಸೇರಿಸಿದಳು. "ಹುಳಿ ಮಾತ್ರ ಇನ್ನೊಂಚೂರು ಇರ್ಲಿ."

ಅವನು ಪೊಟ್ಟಣವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಅವಳು ಇನ್ನೊಂದಕ್ಕೆ ಕೈ ಚಾಚಿದ್ದಳು.

"ಸಾಕು ಕಣೇ. ನಾಳೆ ಹುಳಿ ಹಾಕ್ಕೊಂಡು ಬರ್ತೀನಿ" ಎಂದ.