ಕಾಳವ್ವನ ಜವಾಬು ಹೊತ್ತ ವ್ಯಾನು

ನಾನು ಒಂದು ವ್ಯಾನು. ಪುಣೆ ಕಡೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಮೂಗು ಚಪ್ಪಟೆ, ಹೊಟ್ಟೆ ದೊಡ್ಡದು. ಬಿಳಿ ಬಣ್ಣ ಬಳಿದು ಮೊದಲ ದಿನವೇ ಬಿಸಿಲಿಗೆ ನಿಲ್ಲಿಸಿದರು. ಅಂದಿನಿಂದ ನನ್ನ ತಲೆ ಬಿಸಿ. ಏರು ಬಂದರೆ ಕುದಿಯುತ್ತೇನೆ, ಬ್ರೇಕು ಜೋರಾಗಿ ತುಳಿದರೆ ಕಿರುಚುತ್ತೇನೆ. ಒಳಗೊಂದು ಹೊರಗೊಂದು ನನಗೆ ಬರುವುದಿಲ್ಲ.

ಮೊದಲು ನನ್ನನ್ನು ಕೊಂಡವನು ಹುಬ್ಬಳ್ಳಿಯ ಒಬ್ಬ ಬೇಕರಿಯವನು. ಏಳು ವರ್ಷ ಬ್ರೆಡ್ಡು, ಬನ್ನು, ಖಾರಿ ಹೊತ್ತೆ. ಅವನು ಬನ್ನಿನ ತಟ್ಟೆಗಳನ್ನು ಒರೆಸಿದಷ್ಟು ಒಂದು ದಿನವೂ ನನ್ನನ್ನು ಒರೆಸಲಿಲ್ಲ. ಆಮೇಲೆ ಒಂದು ಶಾಲೆಯವರ ಕೈಗೆ ಬಂದೆ. ಹದಿನಾಲ್ಕು ಜನರ ಜಾಗದಲ್ಲಿ ಮೂವತ್ತು ಮಕ್ಕಳು. ಸೀಟಿನ ಸ್ಪಂಜು ಕಿತ್ತು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಬೈಯುತ್ತಲೇ ಹೊತ್ತೆ, ರಜೆ ಬಂದಾಗ ಮಾತ್ರ ಯಾಕೋ ಹೊಟ್ಟೆ ಖಾಲಿ ಖಾಲಿ ಎನಿಸುತ್ತಿತ್ತು. ಶಾಲೆಗೆ ಹೊಸ ಬಸ್ಸು ಬಂದ ಮೇಲೆ ನವಲಗುಂದದ ಗ್ಯಾರೇಜೊಂದರ ಹಿಂದೆ ಎರಡು ಮಳೆಗಾಲ ನಿಂತೆ. ಒಂದು ಕೋಳಿ ನನ್ನ ಸ್ಟಿಯರಿಂಗ್ ಕೆಳಗೆ ಮರಿ ಮಾಡಿಕೊಂಡು ಹೋಯಿತು. ಅದು ಬಿಟ್ಟರೆ ಹತ್ತಿರ ಬಂದವರಿಲ್ಲ.

ಆಗ ಬಂದವನು ಮೌನೇಶಪ್ಪ ಬಡಿಗೇರ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ಆಗಷ್ಟೇ ನಿವೃತ್ತನಾಗಿದ್ದ. ಅವನದು ಹಾಲ್ಟಿಂಗ್ ಬಸ್ಸು. ಸಂಜೆ ಕೊನೆಯ ಊರಿಗೆ ಹೋಗಿ, ಬಸ್ಸಿನಲ್ಲೇ ಮಲಗಿ, ಬೆಳಿಗ್ಗೆ ಅದೇ ಊರಿನವರನ್ನು ಹತ್ತಿಸಿಕೊಂಡು ಬರುವ ಕೆಲಸ. ನಿವೃತ್ತನಾದ ಮೇಲೆ ನಾಲ್ಕು ಗೋಡೆಯ ನಡುವೆ ಅವನಿಗೆ ನಿದ್ದೆಯೇ ಹತ್ತಲಿಲ್ಲ. ಇಪ್ಪತ್ತು ದಿನ ನೋಡಿದ ಹೆಂಡತಿ ಕಾಳವ್ವ ಒಂದು ಮುಂಜಾನೆ ಹೇಳಿದಳಂತೆ, "ಮೂವತ್ತೆರಡು ವರ್ಷ ನೀವು ಗಾಡ್ಯಾಗ, ನಾ ಮನ್ಯಾಗ ಮಲಗೇವಿ. ಇನ್ನ ನಾನೂ ಗಾಡಿಗೇ ಬರ್ತೀನಿ, ತರ್ರಿ ಒಂದು."

ಹಾಗೆ ನಾನು ಮನೆಯಾದೆ. ಬಡಿಗೇರನ ಕೈ ನೋಡಿ: ಸೀಟು ಕಿತ್ತು ಮಂಚ ಮಾಡಿದ, ಮಂಚದ ಕೆಳಗೆ ಕಾಳು ಕಡಿಯ ಪೆಟ್ಟಿಗೆ, ಹಿಂದಿನ ಬಾಗಿಲಿಗೆ ಮಡಚುವ ಹಲಗೆ, ಅದರ ಮೇಲೆ ಒಲೆ. ಬಿಲದ ಬಾಗಿಲಷ್ಟು ಜಾಗದಲ್ಲಿ ಕಾಳವ್ವ ರೊಟ್ಟಿ ಬಡಿದರೆ ನನ್ನ ತಗಡೆಲ್ಲ ತಾಳ ಹಾಕುತ್ತಿತ್ತು. ಬೆಳಗಾವಿಯಲ್ಲಿದ್ದ ಮಗಳು ಇದನ್ನು ನೋಡಿ ನಿಮಗೇನು ಹುಚ್ಚು ಹಿಡಿದಿದೆಯೇ ಎಂದು ಕೇಳಿದಳು. ಹೌದು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆಮೇಲೆ ಕೆರೆದಂಡೆ, ಹೊಳೆದಂಡೆ, ಸೂರ್ಯಕಾಂತಿ ಹೊಲದ ಬದು ಎಂದು ಎರಡು ವರ್ಷ ಅಲೆದೆವು.

ಕಾಳವ್ವನ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಯಸ್ಸಿನಲ್ಲಿ ಅವಳು ಗೀಗೀ ಪದದ ಹಾಡುಗಾರ್ತಿ. ಆ ಹಾಡಿನಲ್ಲಿ ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬಾರದವರು ಕೈಯಲ್ಲಿನ ದಪ್ಪು ಎಂಬ ವಾದ್ಯವನ್ನು ನೆಲಕ್ಕಿಟ್ಟು ಎದ್ದು ಹೋಗಬೇಕು. ಜವಾಬು ಸಿಗುವವರೆಗೆ ಮತ್ತೆ ಯಾವ ಮೇಳದಲ್ಲೂ ಹಾಡುವಂತಿಲ್ಲ. ಇನ್ನೊಂದು ಕಟ್ಟೂ ಇದೆ. ತನಗೆ ಜವಾಬು ಗೊತ್ತಿರದ ಸವಾಲನ್ನು ಯಾರೂ ಹಾಕಬಾರದು.

ಇಪ್ಪತ್ತೆರಡು ವರ್ಷದ ಹಿಂದೆ ಹರದೇಶಿಯ ದಾವಲಸಾಬ ಕಾಳವ್ವನಿಗೆ ಸವಾಲು ಹಾಕಿದ್ದ:

ತೌರಮನಿ ಅಪ್ಪಂದು, ಅತ್ತಿಮನಿ ಗಂಡಂದು,
ಮುಪ್ಪಿನ ಮನಿ ಮಗಂದು,
ಹೆಣ್ಣು ಹೆಚ್ಚನ್ನಾಕಿ, ನಿನ್ನ ಮನಿ ಯಾವುದು?

ಕಾಳವ್ವ ಬಾಯಿ ತೆರೆದಳು, ಹಾಡು ಬರಲಿಲ್ಲ. ದಪ್ಪು ಇಟ್ಟು ಎದ್ದಳು. ಅಂದಿನಿಂದ ಜೋಗುಳವನ್ನೂ ಹಾಡಲಿಲ್ಲವಂತೆ.

ಜವಾಬು ಸಿಕ್ಕಿದ್ದು ನನ್ನ ಹೊಟ್ಟೆಯಲ್ಲಿ. ಮಗಳ ಹೆರಿಗೆಗೆಂದು ಬೆಳಗಾವಿಗೆ ಹೋಗುತ್ತಿದ್ದೆವು. ಕಾಳವ್ವ ಕಿಟಕಿಗೆ ತಲೆ ಆನಿಸಿ ಮಗಳನ್ನೇ ನೆನೆಯುತ್ತಿದ್ದವಳು ಒಮ್ಮೆಲೇ ಸೆಟೆದು ಕೂತಳು. ಏನಾಯಿತು ಎಂದು ಮೌನೇಶಪ್ಪ ಬ್ರೇಕು ತುಳಿದ. ಏನಿಲ್ಲ, ನಡೀರಿ ಎಂದಳು. ಮೂರು ಮೈಲಿ ಆದ ಮೇಲೆ ನನ್ನ ಎಂಜಿನ್ನಿನ ಸದ್ದಿನ ಕೆಳಗೆ ಒಂದು ಸಣ್ಣ ದನಿ ಕೇಳಿಸಿತು. ಹಾಡುತ್ತಿದ್ದಳು.

ಅದಾದ ಎರಡು ತಿಂಗಳಿಗೆ ನವಲಗುಂದದ ಚಹಾದಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಕಲ್ಲದಿನ್ನಿಯಲ್ಲಿ ಹಗಲು ಗೀಗೀ ಮೇಳ, ಹಳೆಯ ಹಾಡುಗಾರರು ಹೆಸರು ಬರೆಸಬಹುದು. ಹರದೇಶಿ ಕಡೆಯ ಮೊದಲ ಹೆಸರೇ ದಾವಲಸಾಬನದು. ಕೆಳಗೆ ಇದೇ ಅವನ ಕೊನೆಯ ಮೇಳ ಎಂದೂ ಬರೆದಿತ್ತು. ಕಾಳವ್ವ ಹೆಸರು ಬರೆಸಿದಳು. ಅವಳ ಸರದಿ ಹನ್ನೊಂದು ಗಂಟೆಗೆ. ಕೂಗಿದಾಗ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ನಲವತ್ತು ದಿನ ತಯಾರಿ ನಡೆಯಿತು. ಮೌನೇಶಪ್ಪ ಡಿಪೋದಲ್ಲಿ ಬರೆಯುವ ಹಾಗೆ ಟ್ರಿಪ್ ಶೀಟು ಬರೆದ. ನವಲಗುಂದ ಬಿಡುವುದು ಆರು, ನರಗುಂದ ಆರು ಐವತ್ತು, ರಾಮದುರ್ಗ ಎಂಟು, ಚಹಾ ಹತ್ತು ನಿಮಿಷ, ಕಲ್ಲದಿನ್ನಿ ಹತ್ತು. ಎರಡು ಕ್ಯಾನು ಕುಡಿಯುವ ನೀರು, ಒಂದು ಕ್ಯಾನು ನನಗೆ. ಮೇಳದ ಬಯಲಿನಲ್ಲಿ ಬೇವಿನ ನೆರಳು ಎಲ್ಲಿ ಬೀಳುತ್ತದೆ ಎಂದು ಫೋನು ಮಾಡಿ ಕೇಳಿಕೊಂಡ. ಒಂದೇ ತೊಡಕು. ಹಾಡಿಗೆ ಹಿಮ್ಮೇಳ ಬೇಕು, ಕಾಳವ್ವನ ಹಳೆಯ ಜೊತೆಗಾತಿಯರು ಒಬ್ಬರೂ ಉಳಿದಿರಲಿಲ್ಲ. ಕೊನೆಗೆ ಆ ಕೆಲಸ ಮೌನೇಶಪ್ಪನ ಪಾಲಿಗೆ ಬಂತು. ಗೀಯ ಗಾ ಗೀಯ ಗಾ ಎಂದು ಎರಡೇ ಮಾತು ಎತ್ತಿ ಹಿಡಿಯಬೇಕು. ಅವನು ಎತ್ತಿದರೆ ರಿವರ್ಸ್ ಗೇರಿಗೆ ಬಿದ್ದ ಹಳೆಯ ಬಸ್ಸಿನ ಸದ್ದು.

"ಹೆಣ್ಣು ಹೆಚ್ಚು ಅನ್ನೂದಕ್ಕ ಬಾಯಿ ಬಿಚ್ಚಿ ಅನ್ರಿ. ಡ್ಯೂಟಿ ಮಾಡಿದಂಗ ಅನ್ನಬ್ಯಾಡ್ರಿ."

"ಮನ್ಯಾಗ ದಿನಾ ಅಂತೀನಲ್ಲ, ಅದು ಸಾಲದ?"

ಹೊರಟ ದಿನ ಎಲ್ಲ ಟ್ರಿಪ್ ಶೀಟಿನಂತೆಯೇ ನಡೆಯಿತು, ರಾಮದುರ್ಗದವರೆಗೆ. ಮೌನೇಶಪ್ಪನಿಗೆ ಒಂದು ಚಟ. ಊರು ಬಂದರೆ ಕೈ ತಾನಾಗಿ ಬಸ್ ಸ್ಟ್ಯಾಂಡಿನ ಕಡೆ ತಿರುಗುತ್ತದೆ. ಬಸ್ಸಿನ ದಾರಿ ಬಿಟ್ಟು ಬೇರೆ ದಾರಿ ಅವನಿಗೆ ತಿಳಿಯದು. ನೇರ ಒಳಗೆ ಹೋಗಿ ಪ್ಲಾಟ್‌ಫಾರ್ಮಿಗೆ ಒತ್ತಿ ನಿಲ್ಲಿಸಿ ಬಾಗಿಲು ತೆಗೆದ. ಕಂಟ್ರೋಲರ್ ಹಳೆಯ ಗುರುತಿನವನು. "ಬಡಿಗೇರ, ಮನೀ ತಂದು ಸ್ಟ್ಯಾಂಡಿನ್ಯಾಗ ನಿಲ್ಲಸ್ತೀಯಲ್ಲೋ" ಎಂದು ಬೈಯುತ್ತ ಬರುವುದರೊಳಗೆ ಗಂಟು ಹೊತ್ತ ಮೂವರು ಹೆಂಗಸರು ಹತ್ತಿ ಮಂಚದ ಮೇಲೆ ಕೂತಾಗಿತ್ತು. ಅವರ ಹಿಂದೆ ಒಬ್ಬ ಮುದುಕ. ಹೆಗಲಿಗೆ ಬಟ್ಟೆಯ ಚೀಲ, ಕಣ್ಣಿಗೆ ಪೊರೆ. ಕಲ್ಲದಿನ್ನಿ ಬಸ್ಸು ಹೋಯಿತು, ಆ ಕಡೆಗಾದರೆ ಬರುತ್ತೇನೆ ಎಂದ.

ಬಾಗಿಲು ತೆಗೆದ ಮೇಲೆ ಹತ್ತಿದವರನ್ನು ಇಳಿಸುವುದು ಮೌನೇಶಪ್ಪನ ರಕ್ತದಲ್ಲೇ ಇಲ್ಲ. ಹೆಂಗಸರನ್ನು ಅವರವರ ಹೊಲದ ದಾರಿಗೆ ಇಳಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಕಾಳವ್ವನ ಮುಖ ಕಾದ ಹಂಚು. ಅದರ ಮೇಲೆ ಗುಡ್ಡದ ಏರು ಬಂತು. ನನ್ನ ಸ್ವಭಾವ ಹೇಳಿದೆನಲ್ಲ. ನಡು ಏರಿನಲ್ಲಿ ಕುದಿದು ನಿಂತೆ. ಒಂಬತ್ತೂವರೆ ಆಗಿತ್ತು. ತಣಿಯುವವರೆಗೆ ನೀರಿನ ಮುಚ್ಚಳ ಮುಟ್ಟುವಂತಿಲ್ಲ. ಅವತ್ತು ನನ್ನ ಮೇಲೆ ನನಗೇ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ.

ಕೈಕಟ್ಟಿ ಕೂರುವ ಬದಲು ಕಾಳವ್ವ ದಪ್ಪು ತೆಗೆದಳು. ಜವಾಬಿನ ಸಾಲು ಬಿಟ್ಟು ಬರಿಯ ಸವಾಲನ್ನು ಹಾಡಿ ದನಿ ಕುದುರಿಸಿಕೊಂಡಳು. ಮುದುಕ ಮಂಚದ ಮೇಲಿಂದ ನಿಧಾನ ಎದ್ದ.

"ಈ ದನಿ ನಾ ಕೇಳೀನಿ. ಕಾಳವ್ವ ಅಲ್ಲ ನೀನು?"

"ಹೌದು ದಾವಲಣ್ಣ. ಹತ್ತಿದಾಗನ ನಿನ್ನ ಗುರುತು ಹತ್ತಿತ್ತು. ಮಾತಾಡೂ ಮನಸ್ಸಿರಲಿಲ್ಲ."

ಜವಾಬು ತಂದಿದ್ದೀಯಾ ಎಂದು ಅವನು ಕೇಳಿದ. ತಂದಿದ್ದೇನೆ, ಆದರೆ ಜನರ ಮುಂದೆಯೇ ಹೇಳುವುದು ಎಂದಳು. ಅವನು ಇಲ್ಲೇ ಹೇಳು ಎಂದು ಅಂಗಲಾಚಿದ. ಇವಳು ಒಪ್ಪಲಿಲ್ಲ. ಕೊನೆಗೆ ಮುದುಕ ನೆಲ ನೋಡುತ್ತ ಹೇಳಿದ:

"ಜವಾಬು ನನಗ ಗೊತ್ತಿದ್ದಿಲ್ಲ ತಂಗಿ. ಅವತ್ತೂ ಇಲ್ಲ, ಇವತ್ತೂ ಇಲ್ಲ. ನೀ ಗೆಲ್ತಿದ್ದಿ, ಬಾಯಿಗೆ ಬಂದದ್ದು ಕೇಳಿಬಿಟ್ಟೆ."

ಕಾಳವ್ವ ಕಿರುಚಲಿಲ್ಲ. ದಪ್ಪು ಮಡಿಲಲ್ಲಿಟ್ಟುಕೊಂಡು ಮೌನೇಶಪ್ಪನ ಕಡೆ ತಿರುಗಿದಳು. "ಇವನ್ನ ಇಲ್ಲೇ ಇಳಸ್ರಿ."

ಮೌನೇಶಪ್ಪ ನನ್ನ ನೀರಿನ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ತಲೆ ಎತ್ತದೆಯೇ ಹೇಳಿದ. "ನಿನ್ನ ಸಿಟ್ಟು ಖರೇ ಐತಿ. ಆದರ ಸ್ಟಾಪ್ ಬರೂಮಟ ನಾ ಯಾರನ್ನೂ ಇಳಸಂಗಿಲ್ಲ. ಕಲ್ಲದಿನ್ನ್ಯಾಗ ಇಳಸ್ತೀನಿ, ಆಮ್ಯಾಲ ನೀ ಏನರ ಮಾಡು."

ನೀರು ಹೊಯ್ದ. ನಾನು ಹೊರಟೆ. ಅಷ್ಟು ಜತನವಾಗಿ ಯಾವ ಏರನ್ನೂ ನಾನು ಹತ್ತಿಲ್ಲ.

ಬಯಲಿಗೆ ಮುಟ್ಟಿದಾಗ ಕಾಳವ್ವನ ಹೆಸರು ಎರಡು ಸಲ ಕೂಗಿ ಆಗಿತ್ತು. ಮೂರನೆಯದಕ್ಕೆ ಮೌನೇಶಪ್ಪ ನನ್ನ ಹಾರ್ನು ಒತ್ತಿಹಿಡಿದ. ಜನ ದಾರಿ ಬಿಟ್ಟರು. ಬೇವಿನ ನೆರಳು ಹುಡುಕದೆ ವೇದಿಕೆಯ ಮಗ್ಗುಲಿಗೇ ನಿಲ್ಲಿಸಿದ್ದರಿಂದ ನಾನು ಎಲ್ಲ ಕಂಡೆ.

ಕಾಳವ್ವ ಸವಾಲು ಹಾಡಿ, ಉಸಿರು ಎಳೆದುಕೊಂಡು, ಜವಾಬು ಹಾಡಿದಳು:

ಕದವಿಲ್ಲ, ಕೀಲಿಲ್ಲ, ಒಂಬತ್ತ ತಿಂಗಳ
ನೀ ಇದ್ದು ಬಂದ ಮನಿ ನಂದು.
ಅಲ್ಲಿಂದ ಹೊರಬಿದ್ದು, ಅಣ್ಣಯ್ಯ, ನನಗ
ಮನಿ ಎಲ್ಲಿ ಅಂತ ಕೇಳ್ತಿ?

ಗೀಯ ಗಾ ಎಂದು ಮೌನೇಶಪ್ಪ ಎತ್ತಿದ. ಸ್ವರ ಎಲ್ಲಿಗೋ ಹೋಯಿತು. ಯಾರೂ ನಗಲಿಲ್ಲ. ಬಯಲಿನ ಹೆಂಗಸರೆಲ್ಲ ಸೇರಿ ಅದನ್ನು ಎತ್ತಿ ಜಾಗಕ್ಕೆ ತಂದಿಟ್ಟರು.

ದಾವಲಸಾಬ ತಡವರಿಸುತ್ತ ವೇದಿಕೆ ಹತ್ತಿದ. ಅವತ್ತಿನ ತನ್ನ ಸವಾಲು ಕಟ್ಟು ಮೀರಿದ್ದು, ಸೋತವನು ತಾನೇ ಎಂದು ಎಲ್ಲರ ಮುಂದೆ ಹೇಳಿದ. ಚೀಲದಿಂದ ದಪ್ಪು ತೆಗೆದು ನೆಲಕ್ಕಿಟ್ಟ. ಕಾಳವ್ವ ಸ್ವಲ್ಪ ಹೊತ್ತು ಆ ದಪ್ಪನ್ನೇ ನೋಡಿದಳು. ಇಪ್ಪತ್ತೆರಡು ವರ್ಷ ಅವಳ ಮುಖದ ಮೇಲೆ ಹಾದುಹೋದದ್ದನ್ನು ನಾನು ನೋಡಿದೆ. ಆಮೇಲೆ ಬಗ್ಗಿ ಅದನ್ನೆತ್ತಿ ಅವನ ಕೈಗೆ ತುರುಕಿದಳು.

"ಹಿಡಿ. ನೀನೂ ಇಟ್ಟರ ನಾ ಯಾರ ಜೋಡಿ ಜಗಳಾಡ್ಲಿ?"

ಅದು ಅವನ ಕೊನೆಯ ಮೇಳ ಆಗಲಿಲ್ಲ. ಆಗಿದ್ದು ನನ್ನ ಕೊನೆಯ ದೊಡ್ಡ ಪ್ರಯಾಣ. ಹೊರಡುವಾಗ ಎಂಜಿನ್ನು ಚಾಲೂ ಆಯಿತು. ಆದರೆ ಅಲ್ಲಿನ ಗ್ಯಾರೇಜಿನ ಮೇಸ್ತ್ರಿ ನೋಡಿ, ಆ ಏರಿನಲ್ಲಿ ಕುದಿದದ್ದೇ ಮುಳುವಾಯಿತು, ಇನ್ನು ಸಂತೆಗೆ ಹೋಗಿಬರುವಷ್ಟು ಮಾತ್ರ ಎಂದ. ಹಾಗಾಗಿ ಅಲ್ಲೇ ಉಳಿದೆವು. ಈಗ ಸಂತೆಯೂ ಇಲ್ಲ. ಕಲ್ಲದಿನ್ನಿಯ ಬಯಲಿನ ಅಂಚಿನಲ್ಲಿ ನಿಂತಿದ್ದೇನೆ. ಗಾಲಿಗಳಿಗೆ ಕಲ್ಲು ಕೊಟ್ಟಿದ್ದಾರೆ. ಮೌನೇಶಪ್ಪ ಕಾಳವ್ವ ನನ್ನಲ್ಲೇ ಇದ್ದಾರೆ. ಮೇಳದ ದಿನ ಹಾಡುವ ಹೆಂಗಸರು ಸೀರೆ ಸರಿಮಾಡಿಕೊಳ್ಳಲು ಒಳಗೆ ಬರುತ್ತಾರೆ, ಚಪ್ಪಲಿ ಬಿಡುವುದಿಲ್ಲ, ನಾನು ಬೈಯುತ್ತೇನೆ. ಬನ್ನು ಹೊತ್ತೆ, ಮಕ್ಕಳನ್ನು ಹೊತ್ತೆ, ಸಂಸಾರ ಹೊತ್ತೆ. ಹೊತ್ತದ್ದರಲ್ಲಿ ತೂಕವೇ ಇಲ್ಲದ್ದು ಆ ನಾಲ್ಕು ಸಾಲು. ಅದಕ್ಕೇ ನನ್ನ ಎಂಜಿನ್ನು ಹೋಯಿತು, ಬೇಸರವಿಲ್ಲ.

ದಾವಲಸಾಬ ವಾರಕ್ಕೊಮ್ಮೆ ಬಸ್ಸಿಗೆ ಬರುತ್ತಾನೆ. ಕಾಳವ್ವ ಈಗ ಅವನಿಗೆ ಒಂದು ಹೊಸ ಸವಾಲು ಹಾಕಿದ್ದಾಳೆ. ಎಂಟು ತಿಂಗಳಾಯಿತು, ಅವನಿಗೆ ಹೊಳೆದಿಲ್ಲ. ಅವಳು ಕಟ್ಟು ಮೀರುವವಳಲ್ಲ. ಜವಾಬನ್ನು ರೊಟ್ಟಿ ಬಡಿಯುತ್ತ ದಿನಾ ಹಾಡಿಕೊಳ್ಳುತ್ತಾಳೆ, ನಾನು ಕೇಳುತ್ತೇನೆ. ಮೊನ್ನೆ ಮುದುಕ ಹೊರಗೆ ಕೂತು ನನ್ನ ಬಾಗಿಲು ತಟ್ಟುತ್ತ, ನಿನಗಾದರೂ ಗೊತ್ತೇನೋ ಎಂದು ಕೇಳಿದ.

ಗೊತ್ತು. ಹೇಳುವುದಿಲ್ಲ.