ಯಾರ ಒತ್ತಾಯವೂ ಇಲ್ಲ

ನೋಟರಿಯವರ ಕನ್ನಡಕದಲ್ಲಿ ಕಿಟಕಿ ಮಿನುಗುತ್ತಿದೆ, ಒಂದೊಂದು ಗಾಜಿನಲ್ಲಿ ಒಂದೊಂದು, ಅವರು ಪುಟ ತಿರುವಿದಾಗೆಲ್ಲ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಆ ಕಿಟಕಿಗೆ ಹಾಕಿದ ಪರದೆ ಮಾತ್ರ ದೇವರಿಗೇ ಪ್ರೀತಿ, ಕಿಟಕಿಯ ಅಗಲಕ್ಕೆ ಅಳೆದು ಅಷ್ಟೇ ಬಟ್ಟೆ ತೆಗೆದುಕೊಂಡಿದ್ದಾರೆ ಪುಣ್ಯಾತ್ಮರು, ಎರಡರಷ್ಟು ಬೇಕು, ಎರಡರಷ್ಟು ಇಲ್ಲದಿದ್ದರೆ ನೆರಿಗೆ ಎಲ್ಲಿಂದ ಬರಬೇಕು, ಒಣಗಲು ಹಾಕಿದ ಟವೆಲಿನ ಹಾಗೆ ನೇತಾಡುತ್ತದೆ — ಥೂ, ಮನೆ ಕೊಳ್ಳಲು ಕೂತವಳಿಗೆ ಪರರ ಪರದೆಯ ಚಿಂತೆ. ಓದುತ್ತಿದ್ದಾರೆ, ಇನ್ನೂ ಓದುತ್ತಿದ್ದಾರೆ, ಕ್ರಯಪತ್ರ ಪೂರ್ತಿ ಗಟ್ಟಿಯಾಗಿ ಓದಿ ಹೇಳದೆ ಸಹಿ ಹಾಕಿಸುವ ಹಾಗಿಲ್ಲವಂತೆ, ಈ ದೇಶದ ಪದ್ಧತಿ, ಅಕ್ಷರ ಬಂದವರಿಗೂ ಬಾರದವರಿಗೂ ಒಂದೇ, ಪಕ್ಕದಲ್ಲಿ ಕೂತ ದುಭಾಷಿ ಹುಡುಗಿ ಅವಳ ಕಿವಿಗೆ ಅದನ್ನೆಲ್ಲ ಮೆಲ್ಲಗೆ ತಿರುಗಿಸಿ ಹೇಳುತ್ತಾಳೆ, ಉತ್ತರಕ್ಕೆ ನೆರೆಯವರ ಗೋಡೆ, ದಕ್ಷಿಣಕ್ಕೆ ನೆರೆಯವರ ಗೋಡೆ, ಸಾಲುಮನೆಗೆ ಇನ್ನೇನಿರುತ್ತದೆ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸಮುದ್ರ. ಸಮುದ್ರ ಅನ್ನುವಾಗ ಹುಡುಗಿಯ ದನಿ ಒಂದಿಷ್ಟು ಮೇಲೇರಿತು, ಅವಳಿಗಾಗಿ ಖುಷಿಪಟ್ಟ ಹಾಗೆ, ಎಲ್ಲಿಯ ಹುಡುಗಿಯೋ ಏನೋ, ಮುಖದ ಮೇಲೆ ಬಿಸಿಲು ಬೀಳುತ್ತಿದೆಯೆಂದು ತನ್ನ ಕುರ್ಚಿಯನ್ನೇ ಎಳೆದು ನೆರಳು ಮಾಡಿ ಕೂತಿದ್ದಾಳೆ. ಬೇಡವಮ್ಮಾ ಅನ್ನಬೇಕಿತ್ತು, ಬೀಳಲಿ ಬಿಡು, ನಾನು ಬಂದಿರುವುದೇ ಅದಕ್ಕೆ, ಜೀವಮಾನವೆಲ್ಲ ನೆಲಮಾಳಿಗೆಯ ಕಾರ್ಖಾನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತು ಊರಿನ ಕಿಟಕಿಗಳಿಗೆಲ್ಲ ಬಿಸಿಲು ಬಾರದ ಹಾಗೆ ಹೊಲಿದವಳು ನಾನು, ಪರದೆಯಕ್ಕ ಅಂದರೆ ಎಲ್ಲರಿಗೂ ಗೊತ್ತು, ಸ್ವಂತ ಹೆಸರು ಹೇಳಿದರೆ ಯಾರಮ್ಮ ಅದು ಅನ್ನುತ್ತಿದ್ದರು. ಹೇಳಲಿಲ್ಲ, ಹುಡುಗಿಯ ಒಳ್ಳೆಯತನಕ್ಕೆ ಯಾಕೆ ಕೊಕ್ಕೆ ಹಾಕಬೇಕು. ಬಲಕ್ಕೆ ಮಗಳು, ಮಡಿಲಲ್ಲಿ ಕೈಚೀಲ ತಬ್ಬಿ ಕೂತಿದ್ದಾಳೆ, ವಿಮಾನ ಇಳಿದಾಗಿನಿಂದ ತುಟಿ ಎರಡು ಮಾಡಿಲ್ಲ, ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಆಡಿದ್ದು ಬಿಟ್ಟರೆ — ಅದು ಈಗ ಬೇಡ, ಅದನ್ನು ಈಗ ನೆನೆಯುವುದು ಬೇಡ. ತಮ್ಮ ಆಡಿದ್ದನ್ನು ಬೇಕಾದರೆ ನೆನೆಯೋಣ, ಅದಕ್ಕೆ ನಗಬಹುದು, ಫೋನಿನಲ್ಲಿ ಅವನದು ಒಂದೇ ಪಾಠ, ಅಕ್ಕ, ಸಮುದ್ರ ನೋಡ್ಬೇಕು ಅಂದ್ರೆ ಹೋಗಿ ನೋಡ್ಕೊಂಡು ಬಾ, ಅದರ ಪಕ್ಕದಲ್ಲಿ ಮನೆ ಯಾಕೆ ಮಾಡ್ತೀಯ, ಆನೆ ನೋಡೋಕೆ ಹೋದೋರೆಲ್ಲ ಆನೆ ಕೊಂಡ್ಕೊಂಡು ಬರ್ತಾರಾ. ಊರು ಹೋಗು ಅನ್ನುತ್ತೆ ಕಾಡು ಬಾ ಅನ್ನುತ್ತೆ, ಇಂಥ ವಯಸ್ಸಲ್ಲಿ ಪರದೇಶದಲ್ಲಿ ಮನೆಯಂತೆ. ಹೌದಪ್ಪ, ಊರು ಹೋಗು ಅಂತು, ಕಾಡು ಬಾ ಅನ್ನೋದರೊಳಗೆ ಕಡಲು ಬಾ ಅಂತು, ಯಾರ ಮನೆಗೆ ಹೋಗ್ಬೇಕು ಅಂತ ನಾನೇ ನೋಡ್ಕೋತೀನಿ. ಫೋನು ಇಟ್ಟುಬಿಟ್ಟ. ಅಳಿಯ ಪಾಪ ಒಳ್ಳೆಯವನು, ಎಲ್ಲವನ್ನೂ ಮಂಡಿಯ ಮೇಲೆ ಹಾಕುತ್ತಾನೆ, ಅತ್ತೆ, ಮೂರಂತಸ್ತು, ಕಡಿದಾದ ಮೆಟ್ಟಿಲು, ನಿಮ್ಮ ಮಂಡಿ. ನನ್ನ ಮಂಡಿ ನನ್ನ ಜೊತೆ ಎಷ್ಟು ವರ್ಷದಿಂದ ಇದೆ, ಅದಕ್ಕೇ ಇಲ್ಲದ ತಕರಾರು ಇವರಿಗೆ. ದುಡ್ಡಂತೂ ಯಾರಪ್ಪನ ಗಂಟೂ ಅಲ್ಲ, ಹೊಲಿದು ಹೊಲಿದು ಸಂಪಾದಿಸಿದ ಕಾರ್ಖಾನೆಯ ಪಾಲು ಬಿಟ್ಟುಕೊಟ್ಟು ಬಂದದ್ದು. ನಮ್ಮ ಯಜಮಾನರು ಇದ್ದಿದ್ದರೆ ಏನನ್ನುತ್ತಿದ್ದರು, ನಿನ್ನಿಷ್ಟ ಅನ್ನುತ್ತಿದ್ದರು, ಆಮೇಲೆ ವಾರಗಟ್ಟಲೆ ಮಾತು ಬಿಡುತ್ತಿದ್ದರು, ಗಂಡಸರ ನಿನ್ನಿಷ್ಟ ಅಂದರೆ ಅಷ್ಟೇ.

ಎದುರಿಗೆ ಮನೆ ಮಾರುವ ಮುದುಕಿ, ಅವಳಿಗಿಂತ ಹತ್ತು ವರ್ಷವಾದರೂ ದೊಡ್ಡವರು, ಬಿಸಿಲಿಗೆ ಒಣಗಿದ ಖರ್ಜೂರದಂಥ ಮುಖ, ಪಕ್ಕದಲ್ಲಿ ಆಕೆಯ ಮಗ, ಅವನ ಮುಖ ನೋಡಬೇಕು, ಹರಳೆಣ್ಣೆ ಕುಡಿಸಿದ ಹಾಗೆ, ಥೇಟ್ ತನ್ನ ಮಗಳ ಮುಖವೇ, ಮೇಜಿನ ಆಚೆ ಒಂದು ಈಚೆ ಒಂದು ಇಟ್ಟ ಜೋಡಿ ಹೂಜಿಗಳು. ಅವನಿಗೆ ಮಾರುವುದು ಬೇಡ, ಇವಳಿಗೆ ಕೊಳ್ಳುವುದು ಬೇಡ. ಆ ಮುದುಕಿಗೆ ಬಿಸಿಲು ಸಾಕಾಗಿದೆಯಂತೆ, ದುಭಾಷಿ ಹುಡುಗಿ ನಗುತ್ತಾ ಹೇಳಿದ್ದಳು, ಹುಟ್ಟಿದಾಗಿಂದ ಇದೇ ಉಪ್ಪುಗಾಳಿ, ಇದೇ ಬೆವರು, ಪ್ರವಾಸಿಗರ ಗಲಾಟೆ, ಗೆಳತಿಯೊಬ್ಬರು ಬೆಟ್ಟದ ಮೇಲೆ ಹಿಮ ಬೀಳುವ ಊರಿನಲ್ಲಿದ್ದಾರಂತೆ, ಅಲ್ಲಿಗೆ ಹೊರಟಿದ್ದಾರೆ, ಅಮ್ಮಾ, ನಿಮ್ಮಂಥೋರೇ ಅವರೂ. ನನ್ನಂಥವರು, ಇರಲಿ, ಒಬ್ಬಳೇ ಹುಚ್ಚಿ ಅಂದುಕೊಂಡಿದ್ದೆ. ಮೊದಲ ಸಲ ಮನೆ ನೋಡಲು ಬಂದಾಗ ಬ್ರೋಕರು ಒಂದೇ ಸಮನೆ ಮಾತಾಡುತ್ತಿದ್ದ, ಇಲ್ಲಿ ನೋಡಿ ಬಾಲ್ಕನಿ, ಅಲ್ಲಿ ನೋಡಿ ಈಜುಕೊಳ, ಎಂಟು ಮನೆಗಳಿಗೂ ಸೇರಿ ಒಂದೇ ಕೊಳ, ನೀಲಿಗೆ ನೀಲಿ, ಅವನ ಬೆನ್ನು ತಿರುಗಿದ್ದೇ ತಡ ಆ ಮುದುಕಿ ಅವಳ ಕೈ ಹಿಡಿದು ದರದರ ಮೆಟ್ಟಿಲ ಕೆಳಗಿನ ಮೂಲೆಗೆ ಕರೆದುಕೊಂಡು ಹೋದರು, ಅಲ್ಲಿಟ್ಟಿದ್ದ ಕಪಾಟನ್ನು ಸೊಂಟದಿಂದ ಒತ್ತಿ ಸರಿಸಿದರು, ಹಿಂದಿನ ಗೋಡೆಯ ಮೇಲೆ ಅವಳ ಅಂಗೈ ಒಯ್ದು ಇಟ್ಟರು. ತಣ್ಣಗಿತ್ತು. ತೇವ. ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಮುದುಕಿ ಹುಬ್ಬೇರಿಸಿದರು, ಗೊತ್ತಾಯಿತಾ ಅನ್ನುವ ಹಾಗೆ, ಅವಳು ತಲೆಯಾಡಿಸಿದಳು, ಇಬ್ಬರೂ ಸೇರಿ ಕಪಾಟನ್ನು ಮತ್ತೆ ಗೋಡೆಗೆ ತಳ್ಳಿದರು, ಬ್ರೋಕರು ಬರುವಷ್ಟರಲ್ಲಿ ಏನೂ ಆಗೇ ಇಲ್ಲ ಅನ್ನುವ ಹಾಗೆ ನಿಂತಿದ್ದರು. ಅವತ್ತು ಹೋಟೆಲಿಗೆ ಬಂದು ಮಗಳಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯಿತು, ಗೋಡೆಗೆ ತೇವ ಇದೆ ಕಣೇ, ಅದಕ್ಕೇ ಆ ಮನೆ ತಗೋತೀನಿ. ಅಮ್ಮಾ, ನಿಂಗೆ ನಿಜವಾಗ್ಲೂ ತಲೆ ಕೆಟ್ಟಿದೆ. ಕೆಟ್ಟಿರಲಿ, ಉಳಿದ ಮನೆಗಳನ್ನೂ ನೋಡಿದ್ದೇನೆ, ಗೋಡೆಗೆ ಹೊಸ ಬಣ್ಣ, ಮೂಲೆಗೆ ಊದುಬತ್ತಿ, ಸಮುದ್ರದ ಪಕ್ಕದ ಮನೆಗೆ ತೇವ ಇಲ್ಲವೆಂದರೆ ನಂಬಲು ನಾನೇನು ಕಿವಿಯಲ್ಲಿ ಹೂವಿಟ್ಟುಕೊಂಡು ಬಂದಿದ್ದೇನೆಯೇ, ತೋರಿಸಿಕೊಟ್ಟವರ ಮನೆಯನ್ನೇ ಕೊಳ್ಳಬೇಕು, ಬಟ್ಟೆ ಕೊಳ್ಳುವಾಗಲೂ ಹಾಗೇ, ಥಾನು ಬಿಚ್ಚಿ ಇಲ್ಲೊಂದು ಎಳೆ ಹೋಗಿದೆ ನೋಡಕ್ಕ ಅಂದ ವ್ಯಾಪಾರಿಯ ಅಂಗಡಿ ಬಿಟ್ಟು ಬೇರೆ ಕಡೆ ಹೋದವಳಲ್ಲ. ಪಶ್ಚಿಮದ ಕೋಣೆಗೆ ಪರದೆ ಹಾಕುವುದಿಲ್ಲ, ಒಂದು ತುಂಡು ಬಟ್ಟೆಯನ್ನೂ ಹಾಕುವುದಿಲ್ಲ, ಮಧ್ಯಾಹ್ನವೆಲ್ಲ ಬಿಸಿಲು ಬಂದು ಹಾಸಿಗೆಯ ಮೇಲೆ ಬಿದ್ದಿರಲಿ, ಬಣ್ಣ ಹೋದರೆ ಹೋಗಲಿ, ನನ್ನದೇ ಬಣ್ಣ ಹೋಗಿದೆ.

ಓದು ನಿಂತಿತು. ಎಷ್ಟು ಹೊತ್ತಾಯಿತೋ, ನೋಟರಿಯವರು ಕನ್ನಡಕ ತೆಗೆದು ಏನೋ ಹೇಳಿದರು, ಮಾರುವ ಮುದುಕಿಯ ಮಗ ದಿಗ್ಗನೆದ್ದ, ದುಭಾಷಿ ಹುಡುಗಿ ಮಗಳ ಕಡೆ ಬಾಗಿ ಮೆತ್ತಗೆ ಹೇಳುತ್ತಿದ್ದಾಳೆ, ಮೇಡಂ, ವಯಸ್ಸಾದವರು ಸಹಿ ಹಾಕುವಾಗ ಮನೆಯವರು ಹೊರಗಿರಬೇಕು, ಕಾನೂನು, ಬೇಜಾರು ಮಾಡ್ಕೋಬೇಡಿ. ಮಗಳು ಅಮ್ಮನ ಕಡೆ ನೋಡಿದಳು, ಅವಳು ಮಗಳನ್ನು ನೋಡಲಿಲ್ಲ, ಕುರ್ಚಿ ಎಳೆದ ಸದ್ದು, ಕೈಚೀಲದ ಸರಪಳಿಯ ಸದ್ದು, ಬಾಗಿಲು ಮುಚ್ಚಿತು, ಮಸುಕು ಗಾಜಿನ ಬಾಗಿಲು, ಆಚೆ ನಿಂತವರು ಬರೀ ಬಣ್ಣ, ಮುದುಕಿಯ ಮಗನದು ಕಪ್ಪು, ದೂರ ಸರಿದು ಹೋಯಿತು, ಮಗಳದು ಹಸಿರು, ಅಲ್ಲೇ ನಿಂತಿದೆ. ನೋಟರಿಯವರು ಮೊದಲು ಮುದುಕಿಯನ್ನು ಕೇಳಿದರು, ಆಕೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ ಪೆನ್ನಿಗೆ ಕೈ ಚಾಚಿದರು. ಈಗ ಅವಳ ಸರದಿ, ಹುಡುಗಿ ತಿರುಗಿಸಿ ಹೇಳಿದಳು, ಅಮ್ಮಾ, ಈ ಮನೆ ಕೊಂಡ್ಕೋಬೇಕು ಅನ್ನೋದು ನಿಮ್ಮ ಸ್ವಂತ ಇಷ್ಟನಾ, ಯಾರಾದ್ರೂ ಒತ್ತಾಯ ಮಾಡಿದ್ದಾರಾ ಅಂತ ಕೇಳ್ತಿದ್ದಾರೆ. ನಗು ಬಂತು. ಒತ್ತಾಯ, ಇದಕ್ಕೆ ಒತ್ತಾಯ ಮಾಡಿದವರೊಬ್ಬರೂ ಇಲ್ಲ ಸ್ವಾಮಿ, ಬೇರೆಯದಕ್ಕೆಲ್ಲ ಕೇಳಬೇಕಿತ್ತು ನೀವು, ಅವತ್ತೆಲ್ಲ ಎಲ್ಲಿದ್ದಿರಿ, ಹಾರ ಕೈಗೆ ಕೊಟ್ಟಾಗ ಯಾರೂ ಬಾಗಿಲು ಹಾಕಿಕೊಂಡು ನಿನ್ನ ಇಷ್ಟನಾ ಅನ್ನಲಿಲ್ಲ, ಯಜಮಾನರ ಕೆಲಸ ಹೋದಾಗ ನೆಲಮಾಳಿಗೆಗೆ ಇಳಿದೆ, ಇಳಿಯಲು ಇಷ್ಟನಾ ಅನ್ನಲಿಲ್ಲ, ಮಗುವನ್ನು ಬಿಟ್ಟು ಹೋಗಲು ಇಷ್ಟನಾ — ಬಂತು, ಬೆಳಗಿನ ಮಾತು ಬಂದೇ ಬಂತು, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಮಗಳು ತಲೆ ಎತ್ತದೆ ಹೇಳಿದ್ದು, ಸಣ್ಣೋಳಿದ್ದಾಗ್ಲೂ ನೀನು ನಂಗೆ ಸಿಗ್ಲಿಲ್ಲ, ಈಗಾದ್ರೂ ಸಿಗ್ತೀಯ ಅಂದ್ಕೊಂಡಿದ್ದೆ, ಈಗ ಸಮುದ್ರಕ್ಕೆ ಹೋಗ್ತೀನಿ ಅಂತೀಯ. ನಮ್ಮನೆಗೇ ಬಂದಿರು ಅಂತ ಮಗಳು ಅನ್ನುವಾಗೆಲ್ಲ ತನ್ನ ಮಕ್ಕಳನ್ನು ನೋಡಿಕೊಳ್ಳಲು ಕರೆಯುತ್ತಿದ್ದಾಳೆ ಅಂದುಕೊಂಡಿದ್ದಳು, ಅಡಿಗೆಮನೆಯ ಪಕ್ಕದ ಕೋಣೆ ರೆಡಿ ಇದೆ ಅಂದಾಗ ಹಾಗೇ ಅನ್ನಿಸಿತ್ತು, ಅದಕ್ಕೆ ಉತ್ತರ ಸಿದ್ಧವಿತ್ತು, ಇದಕ್ಕೆ ಕಾಫಿ ಲೋಟ ಎತ್ತಿಕೊಂಡು ಎದ್ದುಬಿಟ್ಟಿದ್ದಳು. ಆದರೂ ಇಲ್ಲ, ಬಗ್ಗುವುದಿಲ್ಲ, ಅವತ್ತು ಹೋದದ್ದು ನಿನ್ನ ಹಾಲಿಗೆ, ನಿನ್ನ ಸ್ಕೂಲಿಗೆ, ಹೋಗಿದ್ದಕ್ಕೆ ಕ್ಷಮಿಸು ಅನ್ನುವುದಿಲ್ಲ, ಇವತ್ತು ಹೋಗುವುದು ನನಗೆ, ಇದಕ್ಕೂ ಅನ್ನುವುದಿಲ್ಲ, ಮೇಲಿನ ಕೋಣೆಯಲ್ಲಿ ಎರಡು ಮಂಚ ಹಿಡಿಸುತ್ತವೆ, ಬಾ, ಮಕ್ಕಳನ್ನು ಕರೆದುಕೊಂಡು ಬಾ, ನೀನೇ ಬಾ. ಅಮ್ಮಾ, ಹುಡುಗಿ ಕರೆಯುತ್ತಿದ್ದಾಳೆ, ಅವಸರವಿಲ್ಲ ಅಂತ ಹೇಳ್ತಿದ್ದಾರೆ, ಯೋಚನೆ ಮಾಡಿ ಹೇಳಿ. ಎದುರಿನ ಮುದುಕಿ ನೀರಿನ ಲೋಟವನ್ನು ಅವಳತ್ತ ಸರಿಸಿದರು, ಕುಡಿ ಅನ್ನುವ ಹಾಗೆ ಗದ್ದ ಎತ್ತಿದರು. ಲೋಟದ ಆಚೆ ಬಾಗಿಲು, ಹಸಿರು ಬಣ್ಣ ಹತ್ತಿರ ಬಂತು, ಗಾಜಿನ ಮೇಲೆ ಒಂದು ಅಂಗೈ ಬಂತು, ಮಸುಕು ಗಾಜಿನಲ್ಲಿ ಮುಖ ಕಾಣುವುದಿಲ್ಲ, ತಾಗಿದಷ್ಟೇ ಕಾಣುತ್ತದೆ, ಐದು ಬೆರಳು, ಅಂಗೈ, ಸ್ಪಷ್ಟವಾಗಿ. ತಟ್ಟುತ್ತಾಳೆ ಈಗ. ತಟ್ಟಲಿಲ್ಲ. ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೊರಟಾಗಲೂ ಕಿಟಕಿ ತಟ್ಟುತ್ತಿರಲಿಲ್ಲ ಇವಳು, ಅಂಗೈ ಇಟ್ಟು ನಿಲ್ಲುತ್ತಿದ್ದಳು ಅಷ್ಟೇ, ತಿರುಗಿ ನೋಡ್ಬೇಡಿ, ನೋಡಿದ್ರೆ ಅಳ್ತಾಳೆ ಅನ್ನುತ್ತಿದ್ದಳು ಅಲ್ಲಿಯ ಆಯಾ, ತಿರುಗಿ ನೋಡಲಿಲ್ಲ, ಒಂದು ದಿನವೂ ನೋಡಲಿಲ್ಲ, ಎದುರಿನ ಚಪ್ಪಲಿ ಅಂಗಡಿಯ ಗಾಜಿನಲ್ಲಿ ನೋಡುತ್ತಿದ್ದಳು, ಸಾಲಾಗಿ ಜೋಡಿಸಿದ ಚಪ್ಪಲಿಗಳ ನಡುವೆ ಒಂದು ಪುಟ್ಟ ಅಂಗೈ, ಅವಳು ನಡೆದಷ್ಟೂ ಚಿಕ್ಕದಾಗುತ್ತಾ, ಸಿಟಿ ಬಸ್ಸು ಅಡ್ಡ ಬಂದು ಅಳಿಸಿಹೋಗುತ್ತಿತ್ತು. ಇವತ್ತು ತಿರುಗಿ ನೋಡಬೇಕಾಗಿಯೇ ಇಲ್ಲ, ಎದುರಿಗೇ ಇದೆ. ಯಾರ ಒತ್ತಾಯವೂ ಇಲ್ಲ, ನನ್ನ ಇಷ್ಟ ಅಂತ ಹೇಳಮ್ಮಾ ಅವರಿಗೆ, ಅಂದಳು, ತನ್ನ ದನಿ ತನಗೇ ದೊಡ್ಡದಾಗಿ ಕೇಳಿಸಿತು, ಪೆನ್ನು ತೆಗೆದುಕೊಂಡಳು, ಇಲ್ಲಿ, ಇಲ್ಲಿ, ಈ ಪುಟದ ಕೆಳಗೂ, ಸ್ವಂತ ಹೆಸರು, ಪೂರ್ತಿ ಹೆಸರು, ಕೊನೆಯ ಅಕ್ಷರಕ್ಕೆ ಬಂದು ತಲೆ ಎತ್ತಿದಳು, ಬೆರಳ ತುದಿಗಳು ಬೆಳ್ಳಗಾಗಿವೆ, ಒತ್ತುತ್ತಿದ್ದಾಳೋ, ಆತುಕೊಂಡಿದ್ದಾಳೋ, ಗಾಜಿನ ಮೇಲೆ ಅಂಗೈ, ಅಂಗೈಯ ಸುತ್ತ ಆವಿ, ಅಂಗೈ —